ಟ್ರೌಟ್ ಬದಲು ಬೇರೆ ಮೀನು ಬಂತಾ? ಬಿಡೋ ಮುಂಚೆ ಒಂದ್ಸಲ ಸರಿಯಾಗಿ ನೋಡಿ

ಅಮೆರಿಕದ ಪೂರ್ವ ಭಾಗದಲ್ಲಿ, ಅಂದ್ರೆ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರೋ ನಮ್ಮ ಜನರಲ್ಲಿ ಗಾಳ ಹಾಕೋ ಚಟ ಹತ್ತಿಸ್ಕೊಂಡೋರು ಈಗ ಕಮ್ಮಿ ಏನಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಏಪ್ರಿಲ್ ಮೊದಲ್ನೇ ಶನಿವಾರ ಟ್ರೌಟ್ ಅನ್ನೋ ತಣ್ಣೀರು ಮೀನಿನ ಸೀಸನ್ ಓಪನ್ ಆಗತ್ತೆ, ಲೈಸೆನ್ಸ್ ಜೊತೆ ಟ್ರೌಟ್ ಪರ್ಮಿಟ್ಟೂ ತಗೊಂಡು ಆ ಚಳೀಲಿ ಮೊಣಕಾಲುದ್ದ ನೀರಲ್ಲಿ ನಿಂತಿರ್ತೀರ, ದಾರ ಜಗ್ಗತ್ತೆ, ರಾಡ್ ಬಗ್ಗತ್ತೆ, ಖುಷಿಯಾಗಿ ಎಳೀತೀರ, ಮೇಲೆ ಬಂದ್ರೆ ಮೈಮೇಲೆ ಒಂದು ಚುಕ್ಕೆನೂ ಇಲ್ದಿರೋ ಬೆಳ್ಳಿ ಬಣ್ಣದ ಯಾವುದೋ ಮೀನು. ಪಕ್ಕದಲ್ಲಿ ನಿಂತಿರೋ ಹಳೇ ಹುಲಿ "ಓ ಚಬ್ಬು, ಟ್ರ್ಯಾಶ್ ಫಿಶ್" ಅಂತ ಮೂಗು ಮುರೀತಾನೆ. ಕೆಲವರಂತೂ ಅದನ್ನ ನೀರಿಗೂ ಬಿಡಲ್ಲ, ದಡದ ಮೇಲೆ ಎಸೆದು ಹೋಗ್ತಾರೆ, ಟ್ರೌಟ್ ತಿನ್ನೋ ಊಟ ಇದು ತಿನ್ನತ್ತೆ ಅಂತ ಅವರ ಲೆಕ್ಕ.

ಆದ್ರೆ ಆ ಹಳ್ಳದ ನಿಜವಾದ ಹಕ್ಕುದಾರ ಯಾರು ಅಂತ ಕೇಳಿದ್ರೆ ಎಷ್ಟೋ ಸಲ ಉತ್ತರ ಆ ಚಬ್ಬೇ. ನೀವು ಹುಡುಕ್ಕೊಂಡು ಬಂದ ಟ್ರೌಟೇ ಹೊರಗಿಂದ ಬಂದಿದ್ದು. ಅದರ ಕತೆಗೆ ಆಮೇಲೆ ಬರ್ತೀನಿ, ಮೊದಲು ಕೈಯಲ್ಲಿರೋ ಮೀನು ಯಾವುದು ಅಂತ ಗುರುತು ಹಿಡಿಯೋದು ಹೇಗೆ ಅಂತ ನೋಡೋಣ, ಯಾಕಂದ್ರೆ ಅದು ಗೊತ್ತಾಗದೆ ಉಳಿದ ಮಾತೆಲ್ಲ ಸುಮ್ನೆ.

ಎಲ್ಲರೂ ಮೊದಲು ಬಣ್ಣ ನೋಡ್ತಾರೆ, ಅದೇ ಎಡವಟ್ಟು. ಮೀನಿನ ಬಣ್ಣ ನೀರು, ಬೆಳಕು, ಸೀಸನ್, ಗಂಡು ಹೆಣ್ಣು ಎಲ್ಲದರ ಮೇಲೂ ಬದಲಾಗತ್ತೆ. ಬದಲಿಗೆ ಬೆನ್ನಿನ ಹಿಂಭಾಗ ನೋಡಿ. ಬೆನ್ನ ಮೇಲೆ ನಡುವಲ್ಲಿ ದೊಡ್ಡ ಈಜುರೆಕ್ಕೆ ಎಲ್ಲ ಮೀನಿಗೂ ಇರತ್ತೆ, ಅದಾದ್ಮೇಲೆ ಬಾಲಕ್ಕೆ ಸ್ವಲ್ಪ ಮುಂಚೆ ಒಂದು ಚಿಕ್ಕ, ಮೆತ್ತಗಿನ, ಒಳಗೆ ಕಡ್ಡಿ ಮುಳ್ಳು ಏನೂ ಇಲ್ಲದ ಮಾಂಸದ ತುಣುಕಿನ ಥರದ ರೆಕ್ಕೆ ಇದ್ಯಾ? ಇದಕ್ಕೆ ಅಡಿಪೋಸ್ ಫಿನ್ ಅಂತಾರೆ. ಟ್ರೌಟ್, ಸಾಲ್ಮನ್, ವೈಟ್‌ಫಿಶ್, ಗ್ರೇಲಿಂಗ್ ಈ ಮನೆತನಕ್ಕೆ ಅದು ಇದ್ದೇ ಇರತ್ತೆ, ಕ್ಯಾಟ್‌ಫಿಶ್‌ಗೂ ಇರತ್ತೆ ಆದ್ರೆ ಅದಕ್ಕೆ ಮೀಸೆ ಇರೋದ್ರಿಂದ ಕನ್‌ಫ್ಯೂಸ್ ಆಗೋ ಚಾನ್ಸೇ ಇಲ್ಲ. ಚಬ್, ಶೈನರ್, ಡೇಸ್, ಸಕರ್ ಇವುಗಳಿಗೆ ಇರಲ್ಲ. ಒಂದೇ ಒಂದು ಎಚ್ಚರ, ಹ್ಯಾಚರಿಯಿಂದ, ಅಂದ್ರೆ ಮೀನಿನ ಮರಿ ಮಾಡಿ ಸಾಕೋ ಕೇಂದ್ರದಿಂದ, ಬಿಡೋ ಮೀನಿಗೆ ಗುರುತಿಗೆ ಅಂತ ಈ ರೆಕ್ಕೆನ ಕತ್ತರಿಸಿ ಬಿಡೋ ಪದ್ಧತಿ ಕೆಲವು ಕಡೆ ಇದೆ, ಹಾಗಾಗಿ ಇಲ್ಲ ಅಂದ ತಕ್ಷಣ ತೀರ್ಮಾನಕ್ಕೆ ಬರಬೇಡಿ.

ಎರಡನೇದು ಹುರುಪೆ, ಮೀನಂಗಡೀಲಿ ಚಾಕು ಹಾಕಿ ಕೆರೀತಾರಲ್ಲ ಅದು. ಟ್ರೌಟಿನ ಹುರುಪೆ ಎಷ್ಟು ಸಣ್ಣದು ಅಂದ್ರೆ ಬೆರಳಿಗೆ ಬರೀ ನುಣ್ಣಗೆ ಜಾರೋ ಚರ್ಮ ಅನ್ಸತ್ತೆ. ಚಬ್ ಜಾತಿಯ ಮೀನಲ್ಲಿ ಒಂದೊಂದು ಹುರುಪೆನೂ ಕಣ್ಣಿಗೆ ಬೇರೆ ಬೇರೆ ಕಾಣತ್ತೆ. ಮೂರನೇದು ಬಾಯಿ. ಟ್ರೌಟಿನ ದವಡೆಯಲ್ಲಿ ಹಲ್ಲಿದೆ, ಬೆರಳಿಟ್ರೆ ಗರಗಸದ ಥರ ತಾಗತ್ತೆ. ಚಬ್ಬಿನ ದವಡೇಲಿ ಹಲ್ಲೇ ಇಲ್ಲ, ಅದರ ಹಲ್ಲು ಗಂಟಲಲ್ಲಿ, ಕಿವಿರಿನ ಹಿಂದೆ ಒಳಗಡೆ ಇರತ್ತೆ. ನಮ್ಮ ರೋಹು, ಕಾಟ್ಲಾಗೂ ಹಾಗೇ. ಅದು ಕಾಕತಾಳೀಯ ಅಲ್ಲ, ಚಬ್ಬು ಸಕರ್ರು ರೋಹು ಎಲ್ಲ ಕಾರ್ಪ್ ಬಳಗದವೇ, ಟ್ರೌಟ್‌ಗೂ ಇವಕ್ಕೂ ದೂರದ ಸಂಬಂಧ. ಹಾಗೆ ನೋಡಿದ್ರೆ ಪೆನ್ಸಿಲ್ವೇನಿಯಾದ ಹಳ್ಳದಲ್ಲಿ ನಮ್ಮೂರ ಕೆರೆ ಮೀನಿಗೆ ಹತ್ತಿರದ ನೆಂಟ ಯಾರಾದ್ರೂ ಇದ್ರೆ ಅದು ಈ "ಟ್ರ್ಯಾಶ್" ಮೀನೇ.

ಸರಿ, ಚಬ್ ಅಂತ ಗೊತ್ತಾಯ್ತು. ಯಾವ ಚಬ್ಬು? ಪೂರ್ವ ತೀರದಲ್ಲಿ ಟ್ರೌಟ್ ಗಾಳಕ್ಕೆ ಅತಿ ಹೆಚ್ಚು ಬೀಳೋದು ಎರಡು, ಕ್ರೀಕ್ ಚಬ್ ಮತ್ತು ಫಾಲ್‌ಫಿಶ್. ಇವೆರಡೂ ಒಂದೇ ಕುಲದ ಅಣ್ಣತಮ್ಮಂದಿರು, ಮರಿ ಇದ್ದಾಗ ಎರಡಕ್ಕೂ ಮೂತಿಯಿಂದ ಬಾಲದವರೆಗೂ ಕಪ್ಪು ಪಟ್ಟಿ ಇರತ್ತೆ, ಹಾಗಾಗಿ ಸಣ್ಣದ್ರಲ್ಲಿ ಗುರುತು ಹಿಡಿಯೋದು ತಲೆನೋವು. ದೊಡ್ಡದಾದ್ರೆ ಸುಲಭ. ಬೆನ್ನಿನ ದೊಡ್ಡ ಈಜುರೆಕ್ಕೆನ ಮೆಲ್ಲಗೆ ಬಿಡಿಸಿ, ಅದು ಮೈಗೆ ಅಂಟೋ ಜಾಗದಲ್ಲಿ, ಮುಂದಿನ ಮೂಲೇಲಿ ಕಪ್ಪು ಮಚ್ಚೆ ಇದ್ರೆ ಕ್ರೀಕ್ ಚಬ್. ಇಲ್ಲದೆ ಇದ್ರೆ, ಹುರುಪೆ ದೊಡ್ಡದಾಗಿದ್ದು ಅದರ ಬುಡದಲ್ಲಿ ಕಪ್ಪು ಅಂಚು ಇದ್ದು ಮೈಯೆಲ್ಲ ಬೆಳ್ಳಿ ಜಾಲರಿ ಥರ ಕಂಡ್ರೆ ಫಾಲ್‌ಫಿಶ್. ಕ್ರೀಕ್ ಚಬ್ ಒಂದಡಿ ದಾಟೋದು ಅಪರೂಪ, ಫಾಲ್‌ಫಿಶ್ ಒಂದೂವರೆ ಅಡಿ ತನಕ ಬೆಳೆಯತ್ತೆ, ಉತ್ತರ ಅಮೆರಿಕದ ಪೂರ್ವ ಭಾಗದ ಸ್ಥಳೀಯ ಮಿನ್ನೋಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮಿನ್ನೋ ಅಂದ್ರೆ ಬೆರಳುದ್ದದ ಸಣ್ಣ ಮೀನು ಅಂತ ಅಂದ್ಕೊಂಡಿರ್ತೀವಿ, ಇದು ಗಾಳಕ್ಕೆ ಬಿದ್ರೆ ಮೊದಲ ಎಳೆತ ಒಳ್ಳೇ ಟ್ರೌಟ್ ಥರಾನೇ ಇರತ್ತೆ, ಆಮೇಲೆ ಸುಸ್ತಾಗಿ ಬಿಡತ್ತೆ ಅಷ್ಟೇ. ನನ್ನ ಪ್ರಕಾರ ಮೇ ತಿಂಗಳ ಸಂಜೆ ನೀರ ಮೇಲೆ ತೇಲೋ ಫ್ಲೈಗೆ (ಹುಳ, ಮೀನಿನ ಥರ ಗಾಳಕ್ಕೆ ಕಟ್ಟೋ ನಕಲಿ ಎರೆ) ಹಾರೋ ದೊಡ್ಡ ಫಾಲ್‌ಫಿಶ್ ಹಿಡಿಯೋದು ಹ್ಯಾಚರಿಯಿಂದ ಮೊನ್ನೆ ತಾನೆ ಲಾರೀಲಿ ಬಂದ ಟ್ರೌಟ್ ಹಿಡಿಯೋದಕ್ಕಿಂತ ಮಜಾ.

ವಸಂತದಲ್ಲಿ ಇನ್ನೊಂದು ಗೊಂದಲ ಶುರುವಾಗತ್ತೆ. ಗಂಡು ಚಬ್ಬುಗಳ ತಲೆ, ಮೂತಿ ಮೇಲೆ ಗಟ್ಟಿ ಬಿಳಿ ಮೊನೆಗಳು ಏಳತ್ವೆ, ಮುಟ್ಟಿದ್ರೆ ಚುಚ್ಚತ್ತೆ. ಇದನ್ನ ನೋಡಿ ಏನೋ ರೋಗ ಬಂದಿದೆ ಅಂತ ಫೋಟೋ ತೆಗೆದು ಕಳಿಸೋರು ಸುಮಾರು ಜನ. ರೋಗ ಅಲ್ಲ, ಸಂತಾನದ ಕಾಲದ ಶೃಂಗಾರ, ನಮ್ಮ ಉಗುರು ಯಾವ ವಸ್ತುವಿಂದ ಆಗಿದ್ಯೋ ಅದರದ್ದೇ ಮೊನೆಗಳು, ಬೇರೆ ಗಂಡುಗಳ ಜೊತೆ ಗುದ್ದಾಡೋಕೆ, ಗೂಡು ಕಾಯೋಕೆ ಬೇಕಾಗತ್ತೆ, ಸೀಸನ್ ಮುಗಿದ ಮೇಲೆ ಉದುರಿ ಹೋಗತ್ತೆ. ಇದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳ್ಕೊಳಿ, ಮೈಮೇಲೆ ರೆಕ್ಕೆ ಮೇಲೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಇದ್ರೆ ಅದು ಪರಾವಲಂಬಿ ಹುಳದ ಮರಿ ಚರ್ಮದೊಳಗೆ ಕೂತಿರೋದು. ಮೀನು ತಿನ್ನೋ ಹಕ್ಕಿ, ಬಸವನಹುಳು, ಮೀನು ಈ ಮೂರರ ಮಧ್ಯೆ ಸುತ್ತೋ ಹುಳ ಅದು. ಚೆನ್ನಾಗಿ ಬೇಯಿಸಿದ್ರೆ ಮನುಷ್ಯರಿಗೆ ತೊಂದ್ರೆ ಇಲ್ಲ. ಆದ್ರೆ ಆ ಚುಕ್ಕೆ ನೋಡಿ "ಚುಕ್ಕೆ ಇದೆ, ಟ್ರೌಟೇ ಇರ್ಬೇಕು" ಅಂತ ಅಂದ್ಕೊಳ್ಳೋರೂ ಇದಾರೆ, ಅದಕ್ಕೇ ಹೇಳಿದ್ದು ಬಣ್ಣ ಚುಕ್ಕೆ ಮೊದಲು ನೋಡ್ಬೇಡಿ ಅಂತ.

ಗೂಡಿನ ವಿಷಯ ಬಂತಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಲೇಬೇಕು. ಹಳ್ಳದ ತಳದಲ್ಲಿ ಒಂದೇ ಸೈಜಿನ ಜಲ್ಲಿ ಕಲ್ಲು ಯಾರೋ ಬುಟ್ಟೀಲಿ ತಂದು ಸುರಿದ ಹಾಗೆ ಗುಡ್ಡೆ ಬಿದ್ದಿರೋದನ್ನ ನೋಡಿದೀರಾ? ಅದನ್ನ ಮಕ್ಕಳು ಆಟಕ್ಕೆ ಮಾಡಿದ್ದಲ್ಲ, ಗಂಡು ಫಾಲ್‌ಫಿಶ್ ಅಥವಾ ರಿವರ್ ಚಬ್ ಬಾಯಲ್ಲಿ ಒಂದೊಂದೇ ಕಲ್ಲು ಕಚ್ಚಿ ತಂದು ಕಟ್ಟಿದ್ದು. ಸಾವಿರಾರು ಕಲ್ಲು, ಗುಡ್ಡೆ ಅಡಿಗಟ್ಟಲೆ ಅಗಲ. ಹೆಣ್ಣು ಬಂದು ಮೊಟ್ಟೆ ಇಡತ್ತೆ, ಗಂಡು ಅದರ ಮೇಲೆ ಮತ್ತೆ ಕಲ್ಲು ಮುಚ್ಚತ್ತೆ, ಕಲ್ಲಿನ ಸಂದಿಯಲ್ಲಿ ಶುದ್ಧ ನೀರು ಆಡ್ತಾ ಮೊಟ್ಟೆಗೆ ಆಮ್ಲಜನಕ ಸಿಗತ್ತೆ, ಕೆಸರು ಕೂರಲ್ಲ. ಕ್ರೀಕ್ ಚಬ್ ಇನ್ನೊಂದು ರೀತಿ, ಗುಂಡಿ ತೋಡಿ ಅದರ ಕಲ್ಲನ್ನ ಮೇಲ್ಗಡೆ ಸಾಲಾಗಿ ಒಟ್ಟುತ್ತೆ. ಇಷ್ಟು ಕಷ್ಟ ಪಟ್ಟು ಕಟ್ಟಿದ ಗೂಡಿಗೆ ಬಾಡಿಗೆ ಕೊಡದೆ ಬರೋರು ಬೇರೆ, ಕಾಮನ್ ಶೈನರ್ ಮತ್ತೆ ಬೇರೆ ಎಷ್ಟೋ ಸಣ್ಣ ಮೀನು ಇದೇ ಗುಡ್ಡೆ ಮೇಲೆ ಮೊಟ್ಟೆ ಇಡತ್ವೆ. ಕೆಸರು ತುಂಬಿದ ಹೊಳೇಲಿ ಕ್ಲೀನಾಗಿರೋ ಜಲ್ಲಿ ಅಂತ ಉಳಿದಿರೋದೇ ಕೆಲವು ಸಲ ಚಬ್ಬಿನ ಗೂಡು ಮಾತ್ರ. ಅಂದ್ರೆ ಈ ಒಂದು ಮೀನನ್ನ ಕಸ ಅಂತ ದಡಕ್ಕೆ ಎಸೆದ್ರೆ ಅದರ ಗೂಡನ್ನ ನಂಬಿರೋ ಉಳಿದ ಮೀನುಗಳಿಗೂ ಪೆಟ್ಟು, ಆ ಸಣ್ಣ ಮೀನನ್ನ ತಿಂದು ಬೆಳೆಯೋ ದೊಡ್ಡ ಟ್ರೌಟಿಗೂ ಪೆಟ್ಟು. ಮೇ ಜೂನಲ್ಲಿ ನೀರಲ್ಲಿ ನಡೆಯೋವಾಗ ಇಂಥ ಗುಡ್ಡೆ ಕಂಡ್ರೆ ಕಾಲಿಡಬೇಡಿ, ಸುತ್ತಿ ಹೋಗಿ.

ಆ ಕಾಮನ್ ಶೈನರ್ ಗುರುತು ಹಿಡಿಯೋದು ಬಲು ಸುಲಭ. ಪಕ್ಕದ ಹುರುಪೆಗಳು ಅಗಲಕ್ಕಿಂತ ಎತ್ತರ ಜಾಸ್ತಿ, ನಿಲ್ಲಿಸಿದ ವಜ್ರದ ಆಕಾರ, ಮುಟ್ಟಿದ್ರೆ ಕೈಗೆ ಅಂಟ್ಕೊಂಡು ಬರತ್ತೆ. ಸೀಸನಲ್ಲಿ ಗಂಡಿನ ರೆಕ್ಕೆ ಗುಲಾಬಿ ಕೆಂಪಾಗತ್ತೆ, ಆ ಬಣ್ಣ ನೋಡಿ ಇದು ಯಾವುದೋ ಅಕ್ವೇರಿಯಂ ಮೀನು ತಪ್ಪಿಸ್ಕೊಂಡಿದೆ ಅಂತ ಅನ್ಸಿದ್ರೂ ತಪ್ಪಿಲ್ಲ. ಬೆರಳುದ್ದದ್ದು, ಮೂತಿಯಿಂದ ಬಾಲಕ್ಕೆ ದಪ್ಪ ಕಪ್ಪು ಗೆರೆ ಇದ್ರೆ ಬ್ಲ್ಯಾಕ್‌ನೋಸ್ ಡೇಸ್, ಅದು ಗಾಳಕ್ಕೆ ಬೀಳೋದೇ ಒಂದು ಸೋಜಿಗ, ಗಾಳಕ್ಕಿಂತ ಸ್ವಲ್ಪ ದೊಡ್ಡದಿರತ್ತೆ ಅಷ್ಟೆ. ತಳದಲ್ಲಿ ಕಲ್ಲಿನ ಅಡಿಯಿಂದ ಬಂದಿದ್ದು, ತಲೆ ಅಗಲ, ಕೆನ್ನೆ ಪಕ್ಕದ ರೆಕ್ಕೆಗಳು ಬೀಸಣಿಗೆ ಥರ ದೊಡ್ಡದು, ಮೈಮೇಲೆ ಹುರುಪೆ ಇಲ್ಲ ಅಂದ್ರೆ ಸ್ಕಲ್ಪಿನ್. ಇದಕ್ಕೆ ಒಳಗೆ ಗಾಳಿ ಚೀಲ ಇಲ್ಲ, ಹಾಗಾಗಿ ತೇಲೋಕೆ ಬರಲ್ಲ, ತಳದಲ್ಲೇ ಕುಪ್ಪಳಿಸ್ತಾ ಇರತ್ತೆ. ತಣ್ಣಗಿನ ಶುದ್ಧ ನೀರಿಲ್ಲದೆ ಇದು ಬದುಕಲ್ಲ, ಇದು ಸಿಕ್ತು ಅಂದ್ರೆ ಹಳ್ಳದ ಆರೋಗ್ಯ ಚೆನ್ನಾಗಿದೆ ಅಂತ ಲೆಕ್ಕ. ಟ್ರೌಟಿಗೂ ಇದು ಇಷ್ಟದ ಊಟ, 1930ರ ದಶಕದಲ್ಲಿ ಡಾನ್ ಗೇಪೆನ್ ಕಟ್ಟಿದ ಮಡ್ಲರ್ ಮಿನ್ನೋ ಅನ್ನೋ ಫೇಮಸ್ ಫ್ಲೈ ಇದನ್ನೇ ಅನುಕರಿಸಿದ್ದು. ನೋಡಿ, ಮೀನನ್ನ ಯಾರೂ ಕೇಳಲ್ಲ, ಅದರ ನಕಲಿಗೆ ಅಂಗಡೀಲಿ ಕ್ಯೂ.

ಸಕರ್‌ಗೂ ಇದೇ ಗತಿ. ವೈಟ್ ಸಕರ್ ಬಾಯಿ ಮೂತಿಯ ಕೆಳಗಡೆ, ತುಟಿ ದಪ್ಪ, ತುಟಿ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಗುಳ್ಳೆ, ತಳಕ್ಕೆ ಬಾಯಿ ಹಚ್ಚಿ ಹೀರ್ಕೊಂಡು ತಿನ್ನೋ ಮೀನು. ಇದನ್ನ ಕಾರ್ಪ್ ಅಂತ ತಪ್ಪು ತಿಳ್ಕೊಂಡು ಕೊಲ್ಲೋರು ಬಹಳ. ಕಾರ್ಪ್ ನಿಜವಾಗಲೂ ಹೊರಗಿನದ್ದೇ, 1870ರ ದಶಕದಲ್ಲಿ ಸರ್ಕಾರವೇ ಯುರೋಪಿಂದ ತರಿಸಿ ಹಂಚಿದ್ದು, ಆದ್ರೆ ಅದಕ್ಕೆ ಬಾಯಿ ಪಕ್ಕ ಮೀಸೆ ಇದೆ, ಬೆನ್ನಿನ ರೆಕ್ಕೆ ಉದ್ದಕ್ಕೆ ಹಿಂದಿನವರೆಗೂ ಹೋಗತ್ತೆ. ಸಕರ್‌ಗೆ ಮೀಸೆ ಇಲ್ಲ, ಬೆನ್ನಿನ ರೆಕ್ಕೆ ಗಿಡ್ಡ. ಇದು ಟ್ರೌಟ್ ಮೊಟ್ಟೆ ತಿಂದು ಹಾಳು ಮಾಡತ್ತೆ ಅಂತ ದಶಕಗಟ್ಟಲೆ ದೂರು. ಮೊಟ್ಟೆ ಸಿಕ್ಕಿದ್ರೆ ಯಾವ ಮೀನು ಬಿಡತ್ತೆ ಹೇಳಿ, ಟ್ರೌಟೇ ಟ್ರೌಟ್ ಮೊಟ್ಟೆ ತಿನ್ನತ್ತೆ. ವಸಂತದಲ್ಲಿ ಸಕರ್ ಗುಂಪು ಗುಂಪಾಗಿ ಹಳ್ಳ ಹತ್ತಿ ಮೊಟ್ಟೆ ಇಡೋವಾಗ ಹಿಂದೆ ಟ್ರೌಟ್‌ಗಳು ಸಾಲಾಗಿ ನಿಂತು ಆ ಮೊಟ್ಟೆ ತಿಂದು ಕೊಬ್ಬತ್ವೆ, ಈರಿ ಸರೋವರದಲ್ಲಿ ಬೆಳೆದು ಹಳ್ಳ ಹತ್ತೋ ರೇನ್‌ಬೋ ಟ್ರೌಟ್, ಅಂದ್ರೆ ಸ್ಟೀಲ್‌ಹೆಡ್ ಹಿಡಿಯೋರ ಡಬ್ಬೀಲಿ ಸಕರ್ ಸ್ಪಾನ್ ಅನ್ನೋ ಫ್ಲೈ ಇಲ್ಲದೆ ಇರಲ್ಲ, ಅದು ಈ ಮೊಟ್ಟೆಯದ್ದೇ ನಕಲು.

ಕತ್ತಲಾದ ಮೇಲೆ ಎರೆಹುಳು ಹಾಕಿ ಕೂತ್ರೆ ಹಾವಿನ ಥರದ್ದು ಬಂದು ದಾರಕ್ಕೆಲ್ಲ ಸುತ್ಕೊಂಡು ಲೋಳೆ ಮಾಡಿಡತ್ತೆ, ಅದು ಅಮೆರಿಕನ್ ಈಲ್. ಬೈಕೊಳ್ಳೋದು ಸಹಜ. ಆದ್ರೆ ಇದರ ಕತೆ ದೊಡ್ಡದು, ಅಟ್ಲಾಂಟಿಕ್ ಸಾಗರದ ನಡುವಿನ ಸರ್ಗಾಸೋ ಸಮುದ್ರದಲ್ಲಿ ಹುಟ್ಟಿ ನಿಮ್ಮ ಹಳ್ಳದವರೆಗೂ ಬಂದಿರತ್ತೆ. ಹೊಳೆಯ ಮೃದ್ವಂಗಿಗಳು, ಅಂದ್ರೆ ನದಿ ಚಿಪ್ಪುಗಳು, ಅವುಗಳ ಮರಿ ಮೀನಿನ ಕಿವಿರಿಗೆ ಅಂಟ್ಕೊಂಡು ಕೆಲವು ವಾರ ಬದುಕಲೇಬೇಕು, ಇಲ್ಲಾಂದ್ರೆ ಬೆಳೆಯಲ್ಲ. ಪೆನ್ಸಿಲ್ವೇನಿಯಾದಲ್ಲಿ ಹರಿಯೋ ಸಸ್ಕ್ವೆಹಾನಾ ನದೀಲಿ ಹೆಚ್ಚಾಗಿದ್ದ ಒಂದು ಚಿಪ್ಪಿಗೆ ಈಲೇ ಮುಖ್ಯ ಆಸರೆ. 1928ರಲ್ಲಿ ಕಾನೊವಿಂಗೊ ಡ್ಯಾಮ್ ಬಂದು ಈಲ್ ಮೇಲೆ ಹೋಗೋ ದಾರಿ ಬಂದ್ ಆಯ್ತು, ಚಿಪ್ಪಿಗೂ ಮರಿ ಆಗೋದು ತೀರಾ ಕಮ್ಮಿ ಆಯ್ತು, ನೀರು ಸೋಸೋ ಆ ಚಿಪ್ಪು ಕಮ್ಮಿ ಆದ್ರೆ ನದಿ ನೀರೇ ಕೆಡತ್ತೆ. ಈಗ ಡ್ಯಾಮ್ ಕೆಳಗೆ ಈಲ್ ಮರಿ ಹಿಡಿದು ವಾಹನದಲ್ಲಿ ಮೇಲಕ್ಕೆ ಸಾಗಿಸ್ತಾ ಇದಾರೆ.

ಈಗ ಟ್ರೌಟ್ ಕತೆ. ಪೂರ್ವದ ಹಳ್ಳಗಳಿಗೆ ಸೇರಿದ ಸ್ಥಳೀಯ ಟ್ರೌಟ್ ಒಂದೇ, ಬ್ರೂಕ್ ಟ್ರೌಟ್, ಅದೂ ಸರಿಯಾಗಿ ಹೇಳ್ಬೇಕಂದ್ರೆ ಟ್ರೌಟಿನ ಹತ್ತಿರದ ನೆಂಟ ಚಾರ್ ಅನ್ನೋ ಗುಂಪಿಗೆ ಸೇರಿದ್ದು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಮೂರಕ್ಕೂ ಇದೇ ರಾಜ್ಯ ಮೀನು. ಕಂದು ಟ್ರೌಟ್ ಮೊಟ್ಟೆ 1883ರಲ್ಲಿ ಜರ್ಮನಿಯಿಂದ ಫಾನ್ ಬೇರ್ ಅನ್ನೋರು ನ್ಯೂಯಾರ್ಕಿನ ಫ್ರೆಡ್ ಮೇಥರ್‌ಗೆ ಹಡಗಲ್ಲಿ ಕಳಿಸಿದ್ದು, ಮುಂದಿನ ವರ್ಷ ಮಿಷಿಗನ್‌ನ ಒಂದು ನದಿಗೆ ಮರಿ ಬಿಟ್ರು, ಅಲ್ಲಿಂದ ದೇಶವೆಲ್ಲ ಹರಡ್ತು. ರೇನ್‌ಬೋ ಟ್ರೌಟ್ ಪೆಸಿಫಿಕ್ ಕಡೇದು, ಕ್ಯಾಲಿಫೋರ್ನಿಯಾದಿಂದ ರೈಲಲ್ಲಿ ಪೂರ್ವಕ್ಕೆ ಬಂತು. ಕಾಡು ಕಡಿದು ನೀರು ಬಿಸಿಯಾಗಿ ಬ್ರೂಕ್ ಟ್ರೌಟ್ ಸೋತು ಹೋಗ್ತಿದ್ದ ಕಾಲ ಅದು, ಆ ಖಾಲಿ ಜಾಗಕ್ಕೆ ಇವು ಬಂದು ಕೂತ್ವು. ಬ್ರೂಕ್ ಟ್ರೌಟನ್ನ ಉಳಿದೆರಡರಿಂದ ಬೇರೆ ಮಾಡೋದಕ್ಕೆ ಒಂದೇ ಸೂತ್ರ, ತಿಳಿ ಮೈಮೇಲೆ ಕಪ್ಪು ಚುಕ್ಕೆ ಇದ್ರೆ ಕಂದು ಟ್ರೌಟ್ ಅಥವಾ ರೇನ್‌ಬೋ, ಗಾಢ ಮೈಮೇಲೆ ತಿಳಿ ಚುಕ್ಕೆ ಇದ್ರೆ ಬ್ರೂಕ್ ಟ್ರೌಟ್. ಜೊತೆಗೆ ಬ್ರೂಕ್ ಟ್ರೌಟಿನ ಬೆನ್ನ ಮೇಲೆ ಹುಳ ತಿಂದ ಮರದ ಥರ ವಕ್ರ ಗೆರೆಗಳು, ಹೊಟ್ಟೆ ಕೆಳಗಿನ ರೆಕ್ಕೆಗಳ ಮುಂದಂಚು ಅಚ್ಚ ಬಿಳಿ, ಅದರ ಒಳಗೆ ಕಪ್ಪು ಗೆರೆ. ಪಕ್ಕದಲ್ಲಿ ಕೆಂಪು ಚುಕ್ಕೆ, ಸುತ್ತ ನೀಲಿ ಬಳೆ.

ಇದೇ ಬ್ರೂಕ್ ಟ್ರೌಟ್‌ನ ತಗೊಂಡು ಮೊಂಟಾನಾಗೆ ಹೋಗಿ, ಅಲ್ಲಿ ಅದು ಪರದೇಶಿ. ಅಲ್ಲಿನ ಸ್ಥಳೀಯ ಚಾರ್ ಅಂದ್ರೆ ಬುಲ್ ಟ್ರೌಟ್, 1990ರ ದಶಕದ ಕೊನೆಯಿಂದ ಅಳಿವಿನ ಅಂಚಿನ ಪ್ರಾಣಿಗಳ ಕಾನೂನಲ್ಲಿ ರಕ್ಷಣೆ ಇದೆ, ಹಿಡಿದು ಇಟ್ಕೊಂಡ್ರೆ ದಂಡ. ಎರಡೂ ನೋಡೋಕೆ ಹತ್ತಿರ ಹತ್ತಿರ, ಎರಡರ ಮಿಶ್ರ ತಳಿನೂ ಆಗತ್ತೆ. ಅದಕ್ಕೆ ಅಲ್ಲಿ ಎಲ್ಲರ ಬಾಯಲ್ಲೂ ಒಂದು ಪ್ರಾಸದ ಮಾತಿದೆ, ಬೆನ್ನಿನ ರೆಕ್ಕೆ ಮೇಲೆ ಕಪ್ಪು ಗುರುತು ಇಲ್ದಿದ್ರೆ ವಾಪಸ್ ಬಿಡು ಅಂತ. ಬ್ರೂಕ್ ಟ್ರೌಟಿನ ಬೆನ್ನಿನ ರೆಕ್ಕೆ ಮೇಲೆ ಕಪ್ಪು ಅಲೆ ಗೆರೆ ಇರತ್ತೆ, ಬುಲ್ ಟ್ರೌಟಿನದ್ದು ಕ್ಲೀನ್. ಅಂದ್ರೆ ಪೂರ್ವದಲ್ಲಿ ಜೋಪಾನ ಮಾಡೋ ಮೀನೇ ಪಶ್ಚಿಮದಲ್ಲಿ ತೆಗೆದುಹಾಕಬೇಕಾದ ಮೀನು. ಸ್ಥಳೀಯ ಅನ್ನೋದು ಮೀನಿನ ಹಣೇಲಿ ಬರೆದಿರಲ್ಲ, ಯಾವ ನದಿ ಅಂತ ನೋಡಿ ಹೇಳ್ಬೇಕು.

ಪಶ್ಚಿಮದಲ್ಲಿ ಟ್ರೌಟ್ ಹಿಡಿಯೋರು ಗೊಣಗೋದು ಚಬ್ಬಿನ ಬಗ್ಗೆ ಅಲ್ಲ, ಮೌಂಟನ್ ವೈಟ್‌ಫಿಶ್ ಬಗ್ಗೆ. ಇದಕ್ಕೆ ಅಡಿಪೋಸ್ ಫಿನ್ ಇದೆ, ಯಾಕಂದ್ರೆ ಇದು ಟ್ರೌಟ್ ಮನೆತನದ್ದೇ. ಆದ್ರೆ ಬಾಯಿ ಪುಟಾಣಿ, ಚುಕ್ಕೆ ಒಂದೂ ಇಲ್ಲ, ಹುರುಪೆ ದೊಡ್ಡದು. ತಳದಲ್ಲಿ ಬಿಡೋ, ನೀರುಹುಳದ ಮರಿ ಥರ ಕಟ್ಟಿದ ನಿಂಫ್‌ಗಳನ್ನ ಟ್ರೌಟಿಗಿಂತ ಮುಂಚೆ ಇದೇ ಬಂದು ಕಚ್ಚತ್ತೆ ಅಂತ ಕೋಪ. 2016ರ ಆಗಸ್ಟಲ್ಲಿ ಯೆಲ್ಲೋಸ್ಟೋನ್ ನದೀಲಿ ಸಾವಿರಾರು ಮೀನು ಸತ್ತು ತೇಲಿದ್ವು, ಬಹುಪಾಲು ಈ ವೈಟ್‌ಫಿಶ್ಶೇ. ಮೂತ್ರಪಿಂಡಕ್ಕೆ ಬರೋ ಪರಾವಲಂಬಿ ರೋಗ, ಮೇಲಿಂದ ಕಮ್ಮಿ ನೀರು, ಬಿಸಿ ನೀರು. ಮೊಂಟಾನಾ ಸರ್ಕಾರ 183 ಮೈಲಿ ನದಿನ ಉಪನದಿಗಳ ಸಮೇತ ಬಂದ್ ಮಾಡ್ತು, ಗಾಳ ಮಾತ್ರ ಅಲ್ಲ, ದೋಣಿ ಕೂಡ ಇಳಿಸೋ ಹಾಗಿಲ್ಲ, ಗೈಡ್‌ಗಳು, ಹೋಟೆಲ್‌ನೋರು ಎಲ್ಲರ ವ್ಯಾಪಾರ ಮಲಗ್ತು. ಯಾರಿಗೂ ಬೇಡದ ಮೀನು ಸತ್ತಾಗ ಊರಿಗೆ ಊರೇ ಎಚ್ಚರ ಆಯ್ತು.

ಬೇಡದ ಮೀನು ಅಂತ ಸರ್ಕಾರವೇ ಮುಂದೆ ನಿಂತು ಕೊಂದ ಕತೆನೂ ಇದೆ, ಇದನ್ನ ಹೇಳದೆ ಇದ್ರೆ ಈ ವಿಷಯ ಪೂರ್ತಿ ಆಗಲ್ಲ. ವ್ಯೋಮಿಂಗ್ ಯೂಟಾ ಗಡೀಲಿ ಗ್ರೀನ್ ನದಿಗೆ ಫ್ಲೇಮಿಂಗ್ ಗಾರ್ಜ್ ಡ್ಯಾಮ್ ಕಟ್ಟಿದ್ರು. ಹೊಸ ಜಲಾಶಯ ತುಂಬೋ ಮುಂಚೆ ಹಳೇ ಮೀನನ್ನೆಲ್ಲ ಕ್ಲಿಯರ್ ಮಾಡಿ ರೇನ್‌ಬೋ ಟ್ರೌಟ್ ಬಿಡೋಣ ಅಂತ 1962ರ ಸೆಪ್ಟೆಂಬರಲ್ಲಿ ನದಿ ಉಪನದಿ ಸೇರಿ ಸುಮಾರು 450 ಮೈಲಿಗೆ ರೋಟೆನೋನ್ ಸುರಿದ್ರು. ಗಿಡದ ಬೇರಿಂದ ತೆಗೆಯೋ ವಿಷ ಅದು, ಮೀನು ಉಸಿರಾಡಿದ್ರೂ ಆಮ್ಲಜನಕ ಮೈಗೆ ಬಳಕೆ ಆಗದ ಹಾಗೆ ತಡೆಯತ್ತೆ, ನಮ್ಮ ಮಲೆನಾಡಲ್ಲಿ ಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನಿಗೆ ಮತ್ತು ಬರಿಸೋದು ಕೇಳಿದ್ರೆ ಅಂಥದ್ದೇ ಅಂದ್ಕೊಳಿ, ಆದ್ರೆ ಅಳತೆ ಬೇರೆ. ಕೆಳಗಡೆ ವಿಷ ಮುರಿಯೋಕೆ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದ್ರೂ ಪೂರ್ತಿ ತಡೆಯೋಕೆ ಆಗ್ಲಿಲ್ಲ, ಡೈನೋಸಾರ್ ನ್ಯಾಷನಲ್ ಮಾನ್ಯುಮೆಂಟ್ ಅನ್ನೋ ಸಂರಕ್ಷಿತ ಜಾಗದ ಒಳಗೂ ವಿಷ ಹರೀತು. ಸತ್ತ ಮೀನುಗಳಲ್ಲಿ, ಗ್ರೀನ್ ಹೋಗಿ ಸೇರೋ ಕೊಲೊರಾಡೋ ನದಿ ಮತ್ತೆ ಅದರ ಉಪನದಿಗಳನ್ನ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳಿದ್ವು. 1967ರಲ್ಲಿ ಅವುಗಳಲ್ಲಿ ಎರಡು, ಕೊಲೊರಾಡೋ ಪೈಕ್‌ಮಿನ್ನೋ, ಹಂಪ್‌ಬ್ಯಾಕ್ ಚಬ್ ಎರಡೂ ಅಳಿವಿನ ಅಂಚಿನ ಪಟ್ಟಿ ಸೇರಿದ್ವು, ಅಂದ್ರೆ ವಿಷ ಹಾಕಿ ಐದೇ ವರ್ಷಕ್ಕೆ ಅದೇ ಮೀನನ್ನ ಉಳಿಸೋಕೆ ಕಾನೂನು. ಈಗ ಚಕ್ರ ಪೂರ್ತಿ ತಿರುಗಿದೆ. 2003ರಿಂದ ಕೆಲವು ವರ್ಷ ಗ್ರಾಂಡ್ ಕ್ಯಾನ್ಯನ್‌ನಲ್ಲಿ ಹಂಪ್‌ಬ್ಯಾಕ್ ಚಬ್ ಇರೋ ಜಾಗದಿಂದ ರೇನ್‌ಬೋ ಟ್ರೌಟ್‌ನ ಹಿಡಿದು ತೆಗೆದ್ರು, 2020ರಿಂದ ಗ್ಲೆನ್ ಕ್ಯಾನ್ಯನ್ ಡ್ಯಾಮ್ ಕೆಳಗೆ ಕಂದು ಟ್ರೌಟ್ ಹಿಡಿದು ಕೊಟ್ರೆ ಪಾರ್ಕ್‌ನೋರೇ ದುಡ್ಡು ಕೊಡೋಕೆ ಶುರು ಮಾಡಿದ್ರು. ಹಂಪ್‌ಬ್ಯಾಕ್ ಚಬ್ ಸ್ವಲ್ಪ ಚೇತರಿಸ್ಕೊಂಡು 2021ರಲ್ಲಿ ಒಂದು ಮೆಟ್ಟಿಲು ಕಮ್ಮಿ ಅಪಾಯದ ಪಟ್ಟಿಗೆ ಬಂತು.

ಹಾಗಂತ ಸ್ಥಳೀಯ ಮೀನೆಲ್ಲ ದೇವರು ಅಂತಾನೂ ಅಲ್ಲ. ಕೊಲಂಬಿಯಾ ನದೀಲಿ ಇನ್ನೊಂದು ಪೈಕ್‌ಮಿನ್ನೋ ಇದೆ, ನಾರ್ದರ್ನ್ ಅಂತ, ಅದೂ ಅಲ್ಲಿಯದ್ದೇ. ಡ್ಯಾಮ್‌ಗಳಿಂದ ನದಿ ನಿಂತ ನೀರಾಗಿ, ಕೆಳಗೆ ಇಳಿಯೋ ಸಾಲ್ಮನ್ ಮರಿಗಳು ತಲೆ ತಿರುಗಿ ಒಂದೇ ಕಡೆ ಸಿಗೋದ್ರಿಂದ ಇದಕ್ಕೆ ಹಬ್ಬ ಆಯ್ತು. 1990ರ ದಶಕದ ಶುರುವಿಂದ ಇಂತಿಷ್ಟು ಉದ್ದಕ್ಕಿಂತ ದೊಡ್ಡದು ತಂದುಕೊಟ್ಟೋರಿಗೆ ಮೀನಿಗೆ ಇಷ್ಟು ಅಂತ ಬಹುಮಾನ ಕೊಡ್ತಾರೆ. ಕೊಲೊರಾಡೋದ ಪೈಕ್‌ಮಿನ್ನೋ ಮುಟ್ಟಿದ್ರೆ ಕೇಸು, ಕೊಲಂಬಿಯಾದ ಪೈಕ್‌ಮಿನ್ನೋಗೆ ಇನಾಮು. ತಪ್ಪು ಮೀನಿನದ್ದಾ ಡ್ಯಾಮಿನದ್ದಾ ಅಂತ ಕೇಳಿದ್ರೆ ನನ್ನ ಓಟು ಡ್ಯಾಮಿಗೆ.

ನಮ್ಮೂರಲ್ಲೂ ಇದೇ ನಡೆದಿದೆ, ಟ್ರೌಟ್ ಬದಲು ಮಹಶೀರ್. ಕಾವೇರಿ ಸೀಮೆಯ ದೈತ್ಯ ಮಹಶೀರ್, ಬೆನ್ನು ಗೂನು ಇರೋದು, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್‌ದು ಹಿಡಿದಿದ್ರು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳಾ ಹ್ಯಾಚರಿಯ ನೀಲಿ ರೆಕ್ಕೆ ಮಹಶೀರ್ ಮರಿಗಳನ್ನ ಕಾವೇರಿಗೂ ಬಿಟ್ರು. ಅದು ಕೃಷ್ಣೆಯ ಕಡೆಗೆ ಸೇರಿದ್ದು, ಅಂದ್ರೆ ಕರ್ನಾಟಕದ್ದೇ ಆದ್ರೂ ಕಾವೇರಿಯದ್ದಲ್ಲ. ಎಲ್ಲರೂ ಎರಡನ್ನೂ ಮಹಶೀರ್ ಅಂತಾನೇ ಕರೀತಿದ್ರು, ಸಂಖ್ಯೆ ಚೆನ್ನಾಗಿದೆ ಅಂತ ಖುಷಿಯಾಗಿದ್ರು. ಕಾವೇರಿ ದಡದ ಗಲಿಬೋರೆಯಲ್ಲಿ ಮೀನು ಹಿಡಿದು ವಾಪಸ್ ಬಿಡೋ ಕ್ಯಾಂಪಲ್ಲಿ ಗಾಳದೋರು ಯಾವ ಬಗೆ, ಎಷ್ಟು ತೂಕ ಅಂತ ದಿನಾ ಬರೆದಿಟ್ಟಿದ್ದ ಪುಸ್ತಕಗಳನ್ನ ಆಮೇಲೆ ವಿಜ್ಞಾನಿಗಳು ತೆಗೆದು ನೋಡಿದಾಗಲೇ ಗೊತ್ತಾಗಿದ್ದು, ಜಾಸ್ತಿ ಆಗ್ತಿರೋದು ನೀಲಿ ರೆಕ್ಕೆದು, ಗೂನು ಬೆನ್ನಿಂದು ಕೈಬಿಟ್ಟು ಹೋಗ್ತಾ ಇದೆ ಅಂತ. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಪಕ್ಕಾ ಆಗಿದ್ದೇ 2018ರಲ್ಲಿ. ಗಾಳದೋರು ಬರೀ "ಮಹಶೀರ್" ಅಂತ ಒಂದೇ ಪದ ಬರೆದಿಟ್ಟಿದ್ರೆ ಇದು ಯಾರ ಗಮನಕ್ಕೂ ಬರ್ತಿರ್ಲಿಲ್ಲ.

ಹಾಗಾಗಿ ಫೋಟೋ ತೆಗೆಯೋದಾದ್ರೆ ಪ್ರಯೋಜನಕ್ಕೆ ಬರೋ ಹಾಗೆ ತೆಗೀರಿ. ಮೀನು ಎತ್ತಿ ಹಿಡ್ಕೊಂಡು ಹಲ್ಲು ಕಿರಿದ ಸೆಲ್ಫಿಯಿಂದ ಗುರುತು ಸಿಗಲ್ಲ, ನಿಮ್ಮ ಗುರುತು ಸಿಗತ್ತೆ ಅಷ್ಟೆ. ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳಿ, ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತು ಬರತ್ತೆ, ಆ ಲೋಳೆ ಹೋದ್ರೆ ಅದಕ್ಕೆ ಬೂಷ್ಟು ಹಿಡಿಯೋದು ಬೇಗ. ಬಲೆ ನೀರಲ್ಲೇ ಇರಲಿ, ಪಕ್ಕದಿಂದ ಪೂರ್ತಿ ಮೈ ಒಂದು, ಬೆನ್ನಿನ ರೆಕ್ಕೆ ಬಿಡಿಸಿ ಒಂದು, ಬಾಯಿ ಕೆಳಗಿಂದ ಒಂದು, ಮೂರು ಫೋಟೋ ಸಾಕು. ಐನ್ಯಾಚುರಲಿಸ್ಟ್ ಆಪ್‌ಗೆ ಜಾಗದ ಸಮೇತ ಹಾಕಿದ್ರೆ ತಿಳಿದೋರು ಹೆಸರು ಹೇಳ್ತಾರೆ, ಆಪ್ ತಾನೇ ಕೊಡೋ ಮೊದಲ ಉತ್ತರ ನಂಬ್ಕೊಂಡು ಕೂರಬೇಡಿ, ಚಬ್ಬುಗಳಲ್ಲಿ ಅದು ಆಗಾಗ ಎಡವತ್ತೆ. ಗಾಳದ ಹಿಮ್ಮುಳ್ಳನ್ನ ಇಕ್ಕಳದಲ್ಲಿ ಮೊದಲೇ ಅಮುಕಿ ಮಟ್ಟ ಮಾಡಿದ್ರೆ ಬಿಡಿಸೋದು ಒಂದು ಸೆಕೆಂಡಿನ ಕೆಲಸ. ಬೇಸಿಗೇಲಿ ನೀರು 68 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಟ್ರೌಟ್ ಸಹವಾಸ ಬಿಟ್ಟುಬಿಡಿ, ಹಿಡಿದು ಬಿಟ್ರೂ ಸಾಯೋ ಸಂಭವ ಜಾಸ್ತಿ. ಅಂಥ ದಿನ ಕೆಳಗಿನ ಬಿಸಿ ನೀರಿನ ಹೊಳೆಗೆ ಹೋಗಿ ಬೇಕಂತಾನೇ ಫಾಲ್‌ಫಿಶ್ ಹಿಡೀರಿ. ಇನ್ನೊಂದು, ಒಂದು ಹಳ್ಳದಲ್ಲಿ ಸಿಕ್ಕ ಸಣ್ಣ ಮೀನನ್ನ ಬಕೆಟ್ಟಲ್ಲಿ ಹಾಕ್ಕೊಂಡು ಇನ್ನೊಂದು ಹಳ್ಳಕ್ಕೆ ಎರೆಗೆ ಅಂತ ತಗೊಂಡು ಹೋಗ್ಬೇಡಿ, ಉಳಿದಿದ್ದನ್ನ ಅಲ್ಲಿ ಸುರೀಲೂ ಬೇಡಿ, ಬಹಳ ಕಡೆ ಅದು ಕಾನೂನಿಗೆ ವಿರುದ್ಧ, ನಿಮ್ಮ ರಾಜ್ಯದ ಆ ವರ್ಷದ ರೂಲ್ಸ್ ಪುಸ್ತಕ ಲೈಸೆನ್ಸ್ ತಗೊಳ್ಳೋವಾಗ ಫ್ರೀಯಾಗೇ ಸಿಗತ್ತೆ, ಅದರಲ್ಲಿ ಯಾವ ಮೀನು ಇಟ್ಕೋಬಹುದು, ಯಾವುದು ತಕ್ಷಣ ಬಿಡಬೇಕು ಅಂತ ಚಿತ್ರದ ಸಮೇತ ಇರತ್ತೆ.